ನೂರು ಗುಂಡಿಗಳ ಬಟ್ಟಲು

ಅವಳ ನಿಜವಾದ ಹೆಸರು ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಅವಳು ನೂರಕ್ಕ. "ನೂರು ನೋಡದೆ ಇಲ್ಲ ಅನ್ನಬಾರದು" ಎಂಬ ಮಾತನ್ನು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದುದರಿಂದ ಬಂದ ಹೆಸರು ಅದು. ಮೊದಲು ಕಾಂಪೌಂಡರು ತಮಾಷೆಗೆ ಕರೆದರು, ಆಮೇಲೆ ಎಲ್ಲರೂ ಕರೆದರು, ಕೊನೆಗೆ ಅವಳ ಗಂಡನೂ ಫೋನಿನಲ್ಲಿ "ನೂರಕ್ಕ ಇದ್ದಾರಾ?" ಎಂದು ಕೇಳುವಂತಾಯಿತು.

ಜ್ವರವೆಂದು ಬಂದವರ ಬೆರಳ ತುದಿಯ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಬಳಿದು, ಒಣಗಿಸಿ, ಬಣ್ಣದ ನೀರಿನಲ್ಲಿ ಅದ್ದಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಮಲೇರಿಯಾ ಇದೆಯೋ ಇಲ್ಲವೋ ಎಂದು ನೋಡಿ ಬರೆಯುವುದು ಅವಳ ಕೆಲಸ. ಅದರ ಕೊಳವೆಯೊಳಗೆ ಒಂದು ಸಲಕ್ಕೆ ಕಾಣುವುದು ದುಂಡನೆಯ ಒಂದು ತುಣುಕು ಬೆಳಕು ಮಾತ್ರ. ಅದಕ್ಕೆ ಅವರು ಫೀಲ್ಡ್ ಅನ್ನುತ್ತಾರೆ. ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಿದರೆ ಇನ್ನೊಂದು ಫೀಲ್ಡ್. ರೋಗ ಕಂಡರೆ ಅಲ್ಲಿಗೆ ಹುಡುಕಾಟ ಮುಗಿಯಿತು. ಕಾಣದಿದ್ದರೆ ಮಾತ್ರ ಕಷ್ಟ. ನೂರು ಫೀಲ್ಡ್ ನೋಡಿ ಮುಗಿಸುವ ತನಕ "ಇಲ್ಲ" ಎಂದು ಬರೆಯುವ ಹಕ್ಕಿಲ್ಲ. ಕೆಲಸ ಕಲಿಸಿದ ಮುದುಕ ಮೇಷ್ಟ್ರು ಹಾಗೆಂದು ಹೇಳಿಕೊಟ್ಟಿದ್ದರು. "ಇದೆ ಅನ್ನೋಕೆ ಒಂದು ಸಾಕು ಕಣಮ್ಮ. ಇಲ್ಲ ಅನ್ನೋಕೆ ನೂರು ಬೇಕು."

ಮನಸ್ಸಿನಲ್ಲಿ ನೂರರವರೆಗೆ ಎಣಿಸುತ್ತ ಕಣ್ಣಿಟ್ಟು ನೋಡುವುದು ಸುಲಭವಲ್ಲ. ನಡುವೆ ಯಾರಾದರೂ "ಊಟ ಆಯ್ತಾ?" ಎಂದರೆ ಲೆಕ್ಕ ನೀರಿಗೆ ಬಿದ್ದಂತೆ. ಎಣಿಸುವ ಯಂತ್ರವೊಂದನ್ನು ಹಿಂದೊಮ್ಮೆ ಕೊಟ್ಟಿದ್ದರು. ಅದು ಒಮ್ಮೆ ಒತ್ತಿದರೆ ಎರಡು ತೋರಿಸುತ್ತಿತ್ತು, ಎರಡು ಸಲ ಒತ್ತಿದರೆ ಮುನಿಸಿಕೊಂಡು ಸುಮ್ಮನಾಗುತ್ತಿತ್ತು. ನೂರಕ್ಕ ಅದನ್ನು ಕಪಾಟಿಗೆ ಸೇರಿಸಿ ತನ್ನದೇ ಒಂದು ಉಪಾಯ ಮಾಡಿಕೊಂಡಳು. ಎಡಗಡೆ ಒಂದು ಸ್ಟೀಲ್ ಬಟ್ಟಲು, ಅದರಲ್ಲಿ ನೂರು ಅಂಗಿ ಗುಂಡಿ. ಪಕ್ಕದಲ್ಲಿ ಒಂದು ಪಿಂಗಾಣಿ ಬಟ್ಟಲು, ಖಾಲಿ. ಬಲಗೈ ಪಟ್ಟಿಯನ್ನು ಸರಿಸುತ್ತಿದ್ದಂತೆ ಎಡಗೈ ಒಂದು ಗುಂಡಿಯನ್ನು ಸ್ಟೀಲಿನಿಂದ ಪಿಂಗಾಣಿಗೆ ಹಾಕುತ್ತದೆ. ಟಿಣ್. ಬೆರಳಿಗೆ ಸ್ಟೀಲಿನ ತಳ ತಣ್ಣಗೆ ತಾಕಿದರೆ ನೂರಾಯಿತೆಂದು ಅರ್ಥ. ಕಣ್ಣು ಎತ್ತಬೇಕಿಲ್ಲ, ಮನಸ್ಸಿನಲ್ಲಿ ಎಣಿಸಬೇಕಿಲ್ಲ. ಮುಂದಿನ ಪಟ್ಟಿಗೆ ಪಿಂಗಾಣಿಯ ಗುಂಡಿಗಳನ್ನು ಮತ್ತೆ ಸ್ಟೀಲಿಗೆ ಸುರಿದರೆ ಆಯಿತು. ಹತ್ತೊಂಬತ್ತು ವರ್ಷ ಆ ಗುಂಡಿಗಳು ಅವಳನ್ನು ಒಂದು ದಿನವೂ ಕೈಬಿಟ್ಟಿರಲಿಲ್ಲ.

ಆ ವಾರ ಅವಳಿಗೆ ಒಂದು ಸಣ್ಣ ಖುಷಿಯೂ ಇತ್ತು. ಸೋಮವಾರದಿಂದ ಕೆಲಸ ಬೇಗ ಮುಗಿಯುತ್ತಿತ್ತು. ಊಟದ ಹೊತ್ತಿಗೆ ಎಲ್ಲ ಪಟ್ಟಿ ನೋಡಿ, ಎಣ್ಣೆ ಒರೆಸಿ, ಮರದ ಪೆಟ್ಟಿಗೆಯಲ್ಲಿ ಜೋಡಿಸಿ ಕೂತಿರುತ್ತಿದ್ದಳು. ಹೊಸ ಕನ್ನಡಕ ಬಂದು ತಿಂಗಳಾಗಿರಲಿಲ್ಲ. ನಿವೃತ್ತಿಗೆ ಇನ್ನೆರಡು ವರ್ಷವಿರುವಾಗ ಕಣ್ಣು ಕೈಕೊಡುತ್ತದೇನೋ ಎಂಬ ಹೆದರಿಕೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈಗ ಬುಧವಾರದ ದಿನ ಆಯಾ ಕೋಣೆ ಒರೆಸಲು ಬಂದಾಗ ಹೆಮ್ಮೆಯಿಂದ ಹೇಳಿಕೊಂಡಳು, "ನೋಡಿದ್ಯಾ, ಮೂವತ್ತೊಂದು ವರ್ಷಕ್ಕೆ ಕೈ ಪಳಗಿತು."

"ನಂದು ಇನ್ನೂ ಪಳಗಿಲ್ಲ ಕಣಕ್ಕಾ," ಎಂದಳು ಆಯಾ, ಒರೆಸುವ ಕೋಲಿನ ಮೇಲೆ ಗಲ್ಲ ಊರಿ. "ಈ ಕಾಂಪೌಂಡರ್ ಬೂಟು ಹಾಕ್ಕೊಂಡು ಓಡಾಡೋ ತನಕ ಪಳಗೋದೂ ಇಲ್ಲ."

ಗುರುವಾರ ಹನ್ನೊಂದೂವರೆಗೆ, ಹಿಂದಿನ ದಿನದ ವರದಿಗಳಿಗೆ ರುಜು ಹಾಕಿಸಲು ಹೊರಟ ನೂರಕ್ಕ ಬಿಳಿ ಕೋಟು ತೊಟ್ಟುಕೊಂಡಳು. ಗುಂಡಿ ಹಾಕುತ್ತ ಹಾಕುತ್ತ ಅವಳ ಕೈ ನಿಂತಿತು. ಕೋಟಿಗೆ ಐದೂ ಗುಂಡಿ ಇದ್ದವು. ಒಂದು ವರ್ಷದಿಂದ ಕೆಳಗಿನ ಎರಡು ಇರಲಿಲ್ಲ. ನಾಳೆ ಹೊಲಿದರಾಯಿತು ಎಂದುಕೊಂಡೇ ವರ್ಷ ಕಳೆದಿತ್ತು. ಈಗ ನೋಡಿದರೆ ನಾಲ್ಕೆಳೆ ದಾರದಲ್ಲಿ ಬಿಗಿಯಾಗಿ, ಅಚ್ಚುಕಟ್ಟಾಗಿ ಹೊಲಿದ ಎರಡು ಗುಂಡಿ.

ಬಾಗಿಲಲ್ಲಿ ಹಾದುಹೋಗುತ್ತಿದ್ದ ಆಯಾಳನ್ನು ಕೂಗಿದಳು. "ಇದು ನಿನ್ನ ಕೆಲಸ ತಾನೇ?"

ಆಯಾಳ ಮುಖ ಅರಳಿತು. "ಈಗ ಕಂಡ್ರಾ? ಶನಿವಾರ ನೀವು ಹೋದ್ಮೇಲೆ ಹೊಲಿದೆ. ಯಾವಾಗ ಕಾಣ್ತಾರೋ ನೋಡೋಣ ಅಂತ ಸುಮ್ನಿದ್ದೆ. ಸೂಕ್ಷ್ಮದರ್ಶಕ ಹಾಕ್ಕೊಂಡು ಕೂತೋರಿಗೆ ಸ್ವಂತ ಹೊಟ್ಟೆ ಮೇಲಿನ ಗುಂಡಿ ಕಾಣಲ್ಲ!"

"ಪುಣ್ಯಾತ್ಗಿತ್ತಿ ಕಣೇ ನೀನು. ಬಿಳೀದೇ ಹುಡುಕಿ ಹಾಕಿದೀಯ. ಎಲ್ಲಿ ಸಿಕ್ತು?"

"ಹುಡುಕೋದೇನು ಬಂತು, ನಿಮ್ಮ ಬಟ್ಟಲಲ್ಲೇ ರಾಶಿ ಬಿದ್ದಿದ್ವಲ್ಲ. ನಿಮಗೆರಡು, ಡಾಕ್ಟರಮ್ಮನ ಕೋಟಿಗೆ ಮೂರು, ಕಾಂಪೌಂಡರ್‌ಗೆ ಐದು. ಅವರ ಹೊಟ್ಟೆಗೂ ಗುಂಡಿಗೂ ಹಳೇ ವೈರ. ಅಷ್ಟಾದ್ಮೇಲೆ ವಾರ್ಡಿನ ದಿಂಬಿನ ಚೀಲಗಳೆಲ್ಲ ಬಾಯಿ ತೆಕ್ಕೊಂಡಿದ್ವು. ಪಾಪ, ರೋಗಿಗಳ ಕಿವಿಗೆ ಹತ್ತಿ ಹೋಗ್ತಿತ್ತು. ಅದಕ್ಕೊಂದು..."

ಅವಳು ಮುಂದೆ ಹೇಳಿದ್ದು ನೂರಕ್ಕನಿಗೆ ಕೇಳಿಸಲಿಲ್ಲ.  ಕುರ್ಚಿಗೆ ಕೂತು, ಸ್ಟೀಲ್ ಬಟ್ಟಲನ್ನು ಮೇಜಿನ ಮೇಲೆ ಬೋರಲು ಹಾಕಿ, ಬೆರಳಿನಿಂದ ಐದೈದೇ ಗುಂಡಿಯನ್ನು ಸರಿಸಿ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಎಪ್ಪತ್ತೊಂದು.

ಕೈ ಪಳಗಿರಲಿಲ್ಲ. ಮೂರು ದಿನದಿಂದ ಅವಳು ಒಂದೊಂದು ಪಟ್ಟಿಯಲ್ಲೂ ನೋಡಿದ್ದು ಎಪ್ಪತ್ತೊಂದೇ ಫೀಲ್ಡ್, ಬರೆದದ್ದು "ಇಲ್ಲ".

"ಏನಾಯ್ತಕ್ಕಾ?" ಎಂದಳು ಆಯಾ. ನೂರಕ್ಕ ಮೆಲ್ಲನೆ ವಿಷಯ ಹೇಳಿದಳು. ಆಯಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ, ನಾನು ಒಳ್ಳೇದಕ್ಕೆ... ಸುಮ್ನೆ ಕೈಗೆ ಏನೋ ಆಡೋಕೆ ಇಟ್ಕೊಂಡಿದೀರ ಅಂದ್ಕೊಂಡೆ. ಈಗ್ಲೇ ಎಲ್ಲಾ ಕಿತ್ತು ತಂದ್ಬಿಡ್ತೀನಿ!"

"ಕೀಳೋದು ಆಮೇಲಾಗ್ಲಿ. ನೀನು ಮಾಡಿದ್ದು ತಪ್ಪಲ್ಲ. ಬಟ್ಟಲು ನಂದು, ಎಣಿಸಿಕೊಳ್ಳಬೇಕಾದೋಳು ನಾನು." ಎದ್ದ ನೂರಕ್ಕ ನೆಟ್ಟಗೆ ಡಾಕ್ಟರಮ್ಮನ ಕೋಣೆಗೆ ಹೋದಳು.

ಡಾಕ್ಟರಮ್ಮ ವಯಸ್ಸಿನಲ್ಲಿ ನೂರಕ್ಕನ ಮಗಳಿಗಿಂತ ಚಿಕ್ಕವರು. ಎದುರಿಗಿದ್ದ ರೋಗಿಗೆ ಚೀಟಿ ಬರೆದು ಕಳಿಸಿ, ಪೂರ್ತಿ ಕೇಳಿದರು. ಗದರಲಿಲ್ಲ. ತಮ್ಮ ಕೋಟಿನ ಗುಂಡಿಗಳನ್ನು ಒಂದು ಸಲ ಮುಟ್ಟಿ ನೋಡಿಕೊಂಡರು, ಅಷ್ಟೆ.

"ಮೂರು ದಿನದಲ್ಲಿ ಇಲ್ಲ ಅಂದಿದ್ದು ಎಷ್ಟು ಅಕ್ಕಾ?"

"ಇಪ್ಪತ್ಮೂರು."

"ಪಟ್ಟಿಗಳಿವೆ ತಾನೇ?"

"ಒಂದೂ ಬಿಸಾಕಿಲ್ಲ. ಪೆಟ್ಟಿಗೇಲಿವೆ."

"ಹಾಗಾದ್ರೆ ಮತ್ತೆ ನೋಡೋಣ. ಸುಮ್ಮನೆ ಮೊದಲಿಂದ ಕೊನೆಗೆ ಬೇಡ. ಚಳಿ ಬಂದು ಜ್ವರ ಬಂತು ಅಂದೋರು ಯಾರು ಯಾರು ಅಂತ ನಾನು ಬರ್ಕೊಂಡಿರ್ತೀನಿ. ಅವರದ್ದು ಮೊದಲು." ದಪ್ಪ ರಿಜಿಸ್ಟರನ್ನು ಎಳೆದುಕೊಂಡು ಬೆರಳಿಟ್ಟು ಓದುತ್ತ ಏಳು ಸಂಖ್ಯೆಗಳನ್ನು ಚೀಟಿಯಲ್ಲಿ ಗುರುತು ಮಾಡಿ ಕೊಟ್ಟರು. ನೂರಕ್ಕ ಬಾಗಿಲು ದಾಟುವಾಗ, "ಅಕ್ಕಾ, ನೀವೇ ಬಂದು ಹೇಳಿದ್ರಲ್ಲ, ಅರ್ಧ ಕೆಲಸ ಅಲ್ಲೇ ಆಯ್ತು" ಎಂದರು. ಆ ಒಂದು ಮಾತು ನೂರಕ್ಕನ ಕಾಲಿಗೆ ಬಲ ಕೊಟ್ಟಿತು.

ಗುಂಡಿ ಕೀಳಲು ಹೊತ್ತಿರಲಿಲ್ಲ. ಕಾಂಪೌಂಡರು ಔಷಧಿ ಕೋಣೆಯಿಂದ ಖಾಲಿ ಬಾಟಲಿಗಳ ಕೆಂಪು ಮುಚ್ಚಳ ಇಪ್ಪತ್ತೊಂಬತ್ತನ್ನು ಎಣಿಸಿ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು. "ಮೂರು ಸಲ ಎಣಿಸಿದೀನಿ ನೂರಕ್ಕ. ಬೇಕಾದ್ರೆ ರುಜು ಹಾಕಿ ಕೊಡ್ತೀನಿ." ಆಯಾ ಬಾಗಿಲಿಗೆ ಅಡ್ಡ ಸ್ಟೂಲು ಹಾಕಿ ಕೂತಳು. ಒಳಗೆ ನೊಣ ಹೋಗಬೇಕಾದರೂ ಅವಳನ್ನು ಕೇಳಿ ಹೋಗಬೇಕಿತ್ತು.

ಮೊದಲ ಪಟ್ಟಿ. ಎಪ್ಪತ್ತೊಂದು ಗುಂಡಿ ಟಿಣ್ ಟಿಣ್ ಎಂದು ಮುಗಿದವು. ಆಮೇಲೆ ಮುಚ್ಚಳಗಳು ಒಂದೊಂದಾಗಿ ಪಿಂಗಾಣಿಗೆ ಬಿದ್ದವು. ಅವುಗಳ ಸದ್ದು ಬೇರೆ, ಟಪ್ ಎಂಬ ಮೊಂಡು ಸದ್ದು. ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಮೂರು, ನಾಲ್ಕು, ಐದು. ಒಂದೊಂದಕ್ಕೂ ಹತ್ತು ನಿಮಿಷ. ಪ್ರತಿ ಸಲ ಸದ್ದು ಟಿಣ್‌ನಿಂದ ಟಪ್‌ಗೆ ತಿರುಗಿದ ಕೂಡಲೆ ನೂರಕ್ಕ ಕೈಯನ್ನು ಇನ್ನೂ ನಿಧಾನ ಮಾಡುತ್ತಿದ್ದಳು. ಇದು ತಾನು ನೋಡದೆ ಬಿಟ್ಟ ಜಾಗ. ಇಲ್ಲಿ ಏನಾದರೂ ಇದ್ದರೆ ಅದು ತನ್ನ ತಲೆಗೆ.

ಆರನೆಯ ಪಟ್ಟಿ ಸೋಮವಾರದ್ದು. ಗುಂಡಿಗಳು ಮುಗಿದವು. ಮುಚ್ಚಳ ಒಂದು, ಎರಡು, ಮೂರು. ಹನ್ನೆರಡು. ಹದಿಮೂರನೆಯದು ಬೆರಳ ತುದಿಯಲ್ಲೇ ನಿಂತಿತು.

ಮಸುಕು ನೇರಳೆ ಬೆಳಕಿನ ಅಂಚಿನಲ್ಲಿ ಒಂದು ನೀಲಿ ಉಂಗುರ. ಉಂಗುರಕ್ಕೆ ಕೆಂಪು ಹರಳು. ಅಕ್ಕಸಾಲಿಗ ಮಾಡಿಟ್ಟಷ್ಟು ಚೆಂದವಾಗಿ ಕೂತಿತ್ತು. ನೂರಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಅಲ್ಲೇ ಇತ್ತು, ಮಲೇರಿಯಾದ ಕ್ರಿಮಿ. ಪಟ್ಟಿ ಸರಿಸಿ ಹುಡುಕಿದಳು. ಇನ್ನು ಕೆಲವು ಫೀಲ್ಡ್ ದಾಟಿದ ಮೇಲೆ ಅದರ ಅಣ್ಣನಂತೆ ಇನ್ನೊಂದು, ಕೊಂಚ ದೊಡ್ಡದು, ಆಕಾರ ಕೆಟ್ಟದ್ದು.

"ಡಾಕ್ಟರಮ್ಮನ್ನ ಕರಿ," ಎಂದಳು. ಬಾಗಿಲಲ್ಲಿ ಕೂತಿದ್ದ ಆಯಾ ಓಡಿದಳು.

ಡಾಕ್ಟರಮ್ಮ ಬಂದು ಕೊಳವೆಗೆ ಕಣ್ಣಿಟ್ಟರು. "ಹೂಂ," ಎಂದರು. ರಿಜಿಸ್ಟರ್ ತೆಗೆದು ಜೋರಾಗಿ ಓದಿದರು. "ಬಣ್ಣ ಬಳಿಯೋ ಕೆಲಸ, ವಯಸ್ಸು ಮೂವತ್ತೈದು. ನಿನ್ನೆ ಮಧ್ಯಾಹ್ನ ಮೂರಕ್ಕೆ ಚಳಿ, ಜ್ವರ, ಬೆವರು. ಅದಕ್ಕೆ ಮುಂಚೆ ಶುಕ್ರವಾರ ಅದೇ ಹೊತ್ತಿಗೆ." ಬರೆದದ್ದು ಸೋಮವಾರ, ಹಾಗಾಗಿ ಆ ನಿನ್ನೆಯೆಂದರೆ ಭಾನುವಾರ. ಅವರು ಬೆರಳು ಮಡಿಸಿದರು. "ಶುಕ್ರ, ಭಾನುವಾರ, ಮಂಗಳವಾರ..."

"ಗುರುವಾರ," ಎಂದಳು ನೂರಕ್ಕ. "ಇವತ್ತು."

ಈ ಜಾತಿಯ ಮಲೇರಿಯಾಕ್ಕೆ ಶಿಸ್ತು ಹೆಚ್ಚು. ದಿನ ಬಿಟ್ಟು ದಿನ, ಹೆಚ್ಚುಕಡಿಮೆ ಅದೇ ಗಳಿಗೆಗೆ ಬಂದು ಬಾಗಿಲು ತಟ್ಟುತ್ತದೆ. ನಡುವಿನ ದಿನ ಮನುಷ್ಯ ಎದ್ದು ಓಡಾಡುತ್ತಾನೆ, ಗುಣವಾಯಿತೆಂದು ನಂಬುತ್ತಾನೆ. ಆಗ ಸಮಯ ಒಂದೂ ಹತ್ತು.

ರಿಜಿಸ್ಟರಿನಲ್ಲಿದ್ದ ನಂಬರಿಗೆ ಕಾಂಪೌಂಡರು ಫೋನು ಮಾಡಿದರು. ಎತ್ತಿದ್ದು ಪೇಂಟರನ ಹೆಂಡತಿ. "ಫೋನು ಮನೇಲೇ ಬಿಟ್ಟು ಹೋಗ್ತಾರೆ ಸಾರ್, ಬಣ್ಣ ಮೆತ್ಕೊಳ್ಳುತ್ತೆ ಅಂತ. ಜ್ವರವಾ? ಮಂಗಳವಾರ ಬಂದಿತ್ತು. ಮಲೇರಿಯಾ ಅಲ್ಲ ಅಂತ ನೀವೇ ಬರ್ಕೊಟ್ರಲ್ಲ, ಹಂಗಾಗಿ ಮನೆಗೆ ಬಂದು ಬರೀ ಜ್ವರದ ಮಾತ್ರೆ ತಗೊಂಡು ಮಲಗಿದ್ರು. ಇವತ್ತು ಚೆನ್ನಾಗಿದ್ದಾರೆ. ನೀರಿನ ಟ್ಯಾಂಕಿಗೆ ಬಣ್ಣ ಹೊಡೀತಿದಾರೆ, ರೈಲ್ವೆ ಗೇಟಿನ ಆಚೆ, ಆ ಎತ್ತರದ್ದು. ಇವತ್ತು ಮೇಲಿನ ಸುತ್ತು ಅಂದ್ರು. ಯಾಕೆ ಸಾರ್?"

ಕಾಂಪೌಂಡರು ಅವಳಿಗೆ ಧೈರ್ಯ ಹೇಳಿ ಫೋನಿಟ್ಟು, ಉಳಿದವರ ಮುಖ ನೋಡಿದರು. ಎತ್ತರದ ಟ್ಯಾಂಕು, ಹಗ್ಗಕ್ಕೆ ಕಟ್ಟಿದ ಹಲಗೆ, ಮೂರು ಗಂಟೆಗೆ ಮೈಯೆಲ್ಲ ಗಡಗಡ ನಡುಗಿಸುವ ಚಳಿ. 

"ನಾನು ಹೋಗ್ತೀನಿ," ಎಂದರು ಕಾಂಪೌಂಡರು, ಸ್ಕೂಟರ್ ಕೀಲಿ ತೆಗೆದುಕೊಂಡು.

"ನಾನೂ ಬರ್ತೀನಿ," ಎಂದಳು ನೂರಕ್ಕ. "ಇಲ್ಲ ಅಂತ ಬರೆದ ಕೈ ನಂದು. ಇದೆ ಅಂತ ಹೇಳೋ ಬಾಯೂ ನಂದೇ ಆಗ್ಲಿ."

ಕೆಲಸದ ವೇಳೆಯಲ್ಲಿ ತನ್ನ ಕುರ್ಚಿ ಬಿಟ್ಟು ಅವಳು ಹೊರಗೆ ಹೋದದ್ದನ್ನು ಆಸ್ಪತ್ರೆಯಲ್ಲಿ ಯಾರೂ ನೋಡಿರಲಿಲ್ಲ. ಡಾಕ್ಟರಮ್ಮ ಮಾತ್ರೆಗಳ ಪೊಟ್ಟಣ ಕೊಟ್ಟು, ಹೇಗೆ ನುಂಗಿಸಬೇಕೆಂದು ಹೇಳಿದರು. ಆಯಾ ಓಡಿಬಂದು ಒಂದು ಬಾಟಲಿ ನೀರನ್ನು ಚೀಲಕ್ಕೆ ತುರುಕಿದಳು. ನೂರಕ್ಕನ ಕೋಟಿನ ಮಡಚಿದ ಕಾಲರನ್ನು ಸರಿಮಾಡಿದಳು.

ಕಾಂಪೌಂಡರ ಸ್ಕೂಟರು ಅವರಷ್ಟೇ ನಿಧಾನಸ್ಥ. ಏರು ಬಂದರೆ ಏದುಸಿರು ಬಿಡುತ್ತಿತ್ತು. "ಸ್ವಲ್ಪ ಜೋರಾಗಿ ಓಡಿಸಿ ಅಣ್ಣಾ" ಎಂದಳು ನೂರಕ್ಕ.

"ಇದಕ್ಕಿಂತ ಜೋರು ಅಂದ್ರೆ ನಾವಿಬ್ರೂ ಇಳಿದು ತಳ್ಳಬೇಕು. ನೀವು ಹಿಂದೆ ಗಟ್ಟಿಯಾಗಿ ಕೂತ್ಕೊಳ್ಳಿ, ಮುಂದಿನ ಭಾರ ನಾನು ನೋಡ್ಕೋತೀನಿ."

ರೈಲ್ವೆ ಗೇಟು ಮುಚ್ಚಿತ್ತು. ಗೂಡ್ಸ್ ಗಾಡಿಯೊಂದು ಮದುವೆ ಮೆರವಣಿಗೆಯ ಹಾಗೆ ನಿಂತು ನಿಂತು ಸಾಗಿತು. ನೂರಕ್ಕ ಮನಸ್ಸಿನಲ್ಲೇ ಡಬ್ಬಿಗಳನ್ನು ಎಣಿಸಿದಳು. ನಲವತ್ತೆರಡು. ಎಣಿಕೆ ತಪ್ಪಲಿಲ್ಲ ಎಂಬುದು ಅವಳ ಗಮನಕ್ಕೆ ಬಂದು, ಬೇಕಿದ್ದಾಗ ಇಲ್ಲದ ಬುದ್ಧಿ ಎಂದು ತನ್ನನ್ನೇ ಬೈದುಕೊಂಡಳು.

ಟ್ಯಾಂಕು ದೂರದಿಂದಲೇ ಕಾಣುತ್ತಿತ್ತು. ದಪ್ಪ ಕಾಲುಗಳ ಮೇಲೆ ನಿಂತ ಭಾರಿ ಬಟ್ಟಲಿನಂತೆ. ಅರ್ಧ ಹೊಸ ತಿಳಿನೀಲಿ, ಅರ್ಧ ಹಳೆಯ ಪಾಚಿ ಬಣ್ಣ. ಆ ಎರಡರ ಗಡಿಯಲ್ಲಿ ಎರಡು ಹಗ್ಗದ ಹಲಗೆಯ ಮೇಲೆ ಕೂತು ಒಬ್ಬ ಮನುಷ್ಯ ಕೈಯಾಡಿಸುತ್ತಿದ್ದ. ಅವನ ಹಾಡು ಸಣ್ಣಗೆ ಕೆಳಗೆ ಕೇಳಿಸುತ್ತಿತ್ತು. ಗಡಿಯಾರ ಎರಡೂ ಹದಿನೈದು ತೋರಿಸುತ್ತಿತ್ತು.

ಕೆಳಗೆ ಬಣ್ಣದ ಡಬ್ಬಿಗಳ ನಡುವೆ ನಿಂತಿದ್ದ ಮೇಸ್ತ್ರಿ ಬಿಳಿ ಕೋಟುಗಳನ್ನು ನೋಡಿ ಹುಬ್ಬು ಗಂಟಿಕ್ಕಿದ. ವಿಷಯ ಕೇಳಿ ತಲೆಯಾಡಿಸಿದ. "ಏನ್ ಮೇಡಂ, ಬೆಳಗ್ಗಿಂದ ಹಾಡು ಹೇಳ್ತಾ ಕೆಲಸ ಮಾಡ್ತಿದಾನೆ. ಅವನಿಗೇನ್ ರೋಗ? ಈ ಸುತ್ತು ಮುಗಿಸ್ಲಿ, ಐದಕ್ಕೆ ಇಳೀತಾನೆ."

"ಮೂರಕ್ಕೆ ಹಾಡು ನಿಲ್ಲುತ್ತೆ," ಎಂದಳು ನೂರಕ್ಕ. "ಮಂಗಳವಾರ ಮೂರು ಗಂಟೆಗೆ ಎಲ್ಲಿದ್ದ?"

ಮೇಸ್ತ್ರಿ ತಲೆ ಕೆರೆದುಕೊಂಡ. "ಮಂಗಳವಾರ... ಬ್ರಷ್ ತರ್ತೀನಿ ಅಂತ ಶೆಡ್ಡಿಗೆ ಹೋದೋನು ಬರ್ಲೇ ಇಲ್ಲ. ನೋಡಿದ್ರೆ ಗೋಣಿಚೀಲ ಹೊದ್ದು ಮಲಗಿದ್ದ. ಕಳ್ಳಾಟ ಅಂತ ಚೆನ್ನಾಗಿ ಬೈದೆ." ಅವನು ಮೇಲೆ ನೋಡಿದ, ಹಗ್ಗ ನೋಡಿದ. ಅವನ ಮುಖದ ಬಿಗಿ ಸಡಿಲವಾಯಿತು. ಪಕ್ಕದ ಖಾಲಿ ಡಬ್ಬಿ ಎತ್ತಿ ಕಂಬಕ್ಕೆ ಮೂರು ಸಲ ಬಡಿದ. ಇಳಿ ಎನ್ನಲು ಅವರಲ್ಲಿ ಅದೇ ಸನ್ನೆ.

ಮೇಲಿನಿಂದ ದನಿ ಬಂತು. "ಏನ್ ಮೇಸ್ತ್ರಿ, ಟೀ ಬಂತಾ?"

"ಬಂತು, ಇಳಿಯೋ ಮಾರಾಯ! ನಿಧಾನಕ್ಕೆ! ಎರಡೂ ಕೈ ಹಗ್ಗದ ಮೇಲಿರ್ಲಿ!"

ಹಲಗೆ ಮೊಳ ಮೊಳವಾಗಿ ಇಳಿಯಿತು. ನೂರಕ್ಕ ಉಸಿರು ಬಿಗಿಹಿಡಿದು ನಿಂತಿದ್ದಳು. ಅವನ ಎರಡೂ ಕಾಲು ಮಣ್ಣಿಗೆ ತಾಕಿದಾಗ ಅವಳ ಹೋದ ಜೀವ ಬಂದಂತಾಯಿತು. ಪಕ್ಕದಲ್ಲಿ ಕಾಂಪೌಂಡರು ಬಿಟ್ಟ ಉಸಿರಿಗೆ ಅವರ ಕೋಟೇ ಅಲುಗಿತು.

ಪೇಂಟರನ ಮೂಗಿನ ಮೇಲೊಂದು ನೀಲಿ ಚುಕ್ಕೆ. ಕಣ್ಣು ಹೊಳೆಯುತ್ತಿತ್ತು. "ಅರೆ, ರಕ್ತ ತೆಗೆದ ಅಕ್ಕ ಅಲ್ವಾ? ಟೀ ಎಲ್ಲಿ?"

"ಟೀ ಆಮೇಲೆ. ಮೊದಲು ಕೂತ್ಕೋಪ್ಪ," ಎಂದಳು ನೂರಕ್ಕ. ಬೋರಲು ಹಾಕಿದ ಡಬ್ಬಿಯ ಮೇಲೆ ಅವನು ಕೂತ. ಅವಳು ಸುತ್ತಿ ಬಳಸಿ ಹೇಳಲಿಲ್ಲ. "ಸೋಮವಾರ ನಿನಗೆ ಮಲೇರಿಯಾ ಇಲ್ಲ ಅಂತ ಬರ್ಕೊಟ್ಟೆ. ಅದು ತಪ್ಪು. ಇದೆ. ನಾನು ಪೂರ್ತಿ ನೋಡಿರಲಿಲ್ಲ. ಇವತ್ತು ನೋಡಿದೆ. ನನ್ನಿಂದ ನೀನು ಮೂರು ದಿನ ಮಲೇರಿಯಾ ಮಾತ್ರೆ ಇಲ್ಲದೆ ಅಲ್ಲಿ ಮೇಲೆ ಕೂತಿದ್ದೆ."

ಅವನು ಅವಳನ್ನು, ಸ್ಕೂಟರನ್ನು, ಕಾಂಪೌಂಡರನ್ನು ನೋಡಿದ. "ಇದನ್ನ ಹೇಳೋಕೆ ಇಲ್ಲಿಗೆ ಬಂದ್ರಾ?"

"ಹೂಂ."

"ನಾನೂ ಒಂದ್ಸಲ ಮನೆ ತಪ್ಪಿ ಪಕ್ಕದ ಮನೆಗೆ ಬಣ್ಣ ಬಳಿದು ಬಂದಿದ್ದೆ ಅಕ್ಕ. ಗಾಢ ಹಸಿರು. ಗೊತ್ತಾದ್ಮೇಲೆ ಎರಡು ದಿನ ತಲೆ ಮರೆಸ್ಕೊಂಡಿದ್ದೆ." ಅವನು ನಕ್ಕ. "ನೀವು ಸ್ಕೂಟರ್ ಹತ್ಕೊಂಡು ಬಂದಿದೀರ."

ಮೇಸ್ತ್ರಿ ಸಂಕೋಚದಿಂದ ಟೀ ತರಿಸಿದ. ಅರ್ಧ ಲೋಟ ಕುಡಿಯುವಷ್ಟರಲ್ಲಿ ಪೇಂಟರನ ಕೈಯಲ್ಲಿದ್ದ ಲೋಟ ಡಬ್ಬಿಯ ಅಂಚಿಗೆ ಕಟಕಟ ಬಡಿಯತೊಡಗಿತು. ಅವನು ಲೋಟವನ್ನೇ ನೋಡಿದ, ಯಾರದೋ ಕೈಯೆಂಬಂತೆ. ತುಟಿ ಬಿಳಿಚಿತು, ಹಲ್ಲು ಕಡಿಯತೊಡಗಿದವು. ನೂರಕ್ಕ ಗಡಿಯಾರ ನೋಡಿದಳು. ಎರಡೂ ನಲವತ್ತು. ಚಳಿ ಇಪ್ಪತ್ತು ನಿಮಿಷ ಮೊದಲೇ ಬಂದಿತ್ತು.

ಮೇಸ್ತ್ರಿ ಮೇಲೆ ತೂಗುತ್ತಿದ್ದ ಹಗ್ಗವನ್ನೊಮ್ಮೆ ನೋಡಿ ಮುಖ ತಿರುಗಿಸಿಕೊಂಡ.

ಶೆಡ್ಡಿನಲ್ಲಿ ಗೋಣಿಚೀಲ ಬಿಟ್ಟರೆ ಹೊದೆಯಲು ಏನೂ ಇರಲಿಲ್ಲ. ನೂರಕ್ಕ ಕೋಟು ಬಿಚ್ಚಿ ಅವನಿಗೆ ಸುತ್ತಿದಳು. ಸಾಲದೆ ಬಂತು. ಅದರ ಮೇಲೆ ಕಾಂಪೌಂಡರು ತಮ್ಮದನ್ನೂ ಹೊದಿಸಿ, ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಗುಂಡಿ ಹಾಕಿದರು. ಅವರ ಕೋಟಿನಲ್ಲಿ ಪೇಂಟರನಂಥವರು ಇಬ್ಬರು ಹಿಡಿಸುತ್ತಿದ್ದರು. ಅವನು ಎಷ್ಟು ನಡುಗಿದರೂ ಕೋಟು ಜಾರಲಿಲ್ಲ.

"ನಮ್ಮ ಆಯಾ ಹೊಲಿದ ಗುಂಡಿ," ಎಂದರು ಕಾಂಪೌಂಡರು. "ಮನುಷ್ಯ ಕಿತ್ಕೊಂಡು ಹೋದ್ರೂ ಇದು ಕಿತ್ತು ಬರಲ್ಲ."

ನೂರಕ್ಕನಿಗೆ ನಗುವೂ ಕಣ್ಣೀರೂ ಒಟ್ಟಿಗೆ ಬಂದವು.

ಚಳಿ ಇಳಿದು ಮೈ ಕಾದಿತು. ಒದ್ದೆ ಬಟ್ಟೆಯಿಂದ ಒರೆಸಿ, ಡಾಕ್ಟರಮ್ಮ ಕೊಟ್ಟ ಮೊದಲ ಸರತಿಯ ಮಾತ್ರೆಗಳನ್ನು ಆಯಾಳ ಬಾಟಲಿ ನೀರಿನಲ್ಲಿ ನುಂಗಿಸಿದರು. ಜ್ವರ ಬೆವರಾಗಿ ಹರಿಯುವ ತನಕ ಕಾಯುವಾಗ ನೂರಕ್ಕ ಸುತ್ತಮುತ್ತ ಕಣ್ಣಾಡಿಸಿದಳು. ಟ್ಯಾಂಕಿನ ಕೊಳವೆ ಸೋರಿ ಕಂಬದ ಬುಡದಲ್ಲಿ ತಿಳಿನೀರಿನ ಹೊಂಡವಾಗಿತ್ತು. ಬಗ್ಗಿ ನೋಡಿದಳು. ನೀರಿನ ಮೇಲ್ಪದರಕ್ಕೆ ಅಂಟಿದಂತೆ ಅಡ್ಡಡ್ಡ ಮಲಗಿದ ಸಣ್ಣ ಸಣ್ಣ ಹುಳುಗಳು. ಅವಳ ನೆರಳು ಬಿದ್ದದ್ದೇ ತಡ, ಸರಕ್ಕನೆ ಕೆಳಗಿಳಿದವು. ಮಲೇರಿಯಾ ಸೊಳ್ಳೆಯ ಮರಿ ಹೀಗೇ ಮಲಗುವುದೆಂದು ಪುಸ್ತಕದಲ್ಲಿ ಓದಿದ್ದಳು.

"ನೋಡಿ ಅಣ್ಣಾ. ಮೂವತ್ತೊಂದು ವರ್ಷದಿಂದ ಇವರ ಕೆಲಸ ನೋಡ್ತಿದೀನಿ. ಇವರ ಮನೆ ನೋಡಿದ್ದು ಇವತ್ತೇ."

ಅಷ್ಟು ಹೊತ್ತಿಗೆ ಮೆತ್ತಗಾಗಿದ್ದ ಮೇಸ್ತ್ರಿ ಕೇಳುವ ಮೊದಲೇ ಗುದ್ದಲಿ ತಂದ. ನೀರು ಚರಂಡಿಗೆ ಹರಿದು ಹೊಂಡ ಮಣ್ಣಿನಿಂದ ಮುಚ್ಚಿತು. ಕೊಳವೆಗೆ ನಾಳೆ ಬೆಳಗ್ಗೆಯೇ ರಿಪೇರಿಯೆಂದು ಮಾತು ಕೊಟ್ಟ. ಶೆಡ್ಡಿನಲ್ಲಿ ಮಲಗುವ ನಾಲ್ವರ ರಕ್ತ ಪರೀಕ್ಷೆಗೂ ಒಪ್ಪಿದ. "ನಂದೂ ಸೇರಿಸಿ ಮೇಡಂ, ಐದು" ಎಂದ, ಆಮೇಲೆ ನೆನಪಾಗಿ.

ಸಂಜೆ ಪೇಂಟರನನ್ನು ಮನೆಗೆ ಬಿಟ್ಟರು. ಬಾಗಿಲಲ್ಲೇ ಕಾಯುತ್ತಿದ್ದ ಹೆಂಡತಿ ಕಾಂಪೌಂಡರ ಕೋಟು ತೊಟ್ಟು ಇಳಿದ ಗಂಡನನ್ನು ನೋಡಿ, "ಯಾರಪ್ಪಾ ಇದು, ಹೊಸ ಡಾಕ್ಟರಾ?" ಎಂದಳು.  ನೂರಕ್ಕ ಅವಳ ಕೈ ಹಿಡಿದು ಒಂದೇ ಮಾತನ್ನು ಎರಡು ಸಲ ಹೇಳಿದಳು. "ಪೂರ್ತಿ ಹದಿನಾಲ್ಕು ದಿನ ಮಾತ್ರೆ. ಜ್ವರ ಹೋಯ್ತು ಅಂತ ನಿಲ್ಲಿಸಿದ್ರೆ ಒಳಗೆ ಅಡಗಿರೋದು ಮತ್ತೆ ಏಳುತ್ತೆ."

"ಒಂದೂ ತಪ್ಪಿಸಲ್ಲ ಅಕ್ಕ. ನಾನೇ ಎಣಿಸಿ ಕೊಡ್ತೀನಿ."

"ಎಣಿಸೋ ಮುಂಚೆ ಪೊಟ್ಟಣದಲ್ಲಿ ಎಷ್ಟಿದೆ ನೋಡ್ಕೋ," ಎಂದಳು ನೂರಕ್ಕ.

ಏಳನೆಯ ಪಟ್ಟಿಯನ್ನು ಅವಳು ಅಂದೇ ನೋಡಿದಳು, ಉಳಿದ ಹದಿನಾರನ್ನು ಮರುದಿನ ಮಧ್ಯಾಹ್ನದೊಳಗೆ. ಒಂದರಲ್ಲೂ ಏನೂ ಇರಲಿಲ್ಲ. ಕೊನೆಯ ಮುಚ್ಚಳ ಪಿಂಗಾಣಿಗೆ ಬಿದ್ದಾಗ ಅವಳು ಕುರ್ಚಿಗೊರಗಿ ಕಣ್ಣು ಮುಚ್ಚಿದಳು. ಕಣ್ಣು ಕೈಕೊಟ್ಟಿರಲಿಲ್ಲ. ಎಂಬತ್ತನಾಲ್ಕನೆಯ ಫೀಲ್ಡಿನ ಅಂಚಿನಲ್ಲಿದ್ದ ಒಂಟಿ ಉಂಗುರವನ್ನು ಹಿಡಿದ ಕಣ್ಣದು. ಇನ್ನೆರಡು ವರ್ಷಕ್ಕೆ ಧಾರಾಳ ಸಾಕು.

ಕಣ್ಣು ತೆರೆದಾಗ ಆಯಾ ಎದುರಿಗಿದ್ದಳು, ಸೆರಗಿನಲ್ಲಿ ಏನನ್ನೋ ಕಟ್ಟಿಕೊಂಡು. ರಾತ್ರಿ ನಿದ್ದೆ ಮಾಡಿದಂತೆ ಕಾಣಲಿಲ್ಲ. ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದಳು. ಗುಂಡಿಗಳು.

"ಇಪ್ಪತ್ತೊಂಬತ್ತು. ಎಣಿಸಿ."

ಅವುಗಳಲ್ಲಿ ಬಿಳಿಯದು ಒಂದೂ ಇರಲಿಲ್ಲ. ಕಂದು, ಕಪ್ಪು, ನೀಲಿ, ಒಂದು ಹಿತ್ತಾಳೆಯದು. "ದಿಂಬಿಂದು ಕೀಳೋಕೆ ಮನಸ್ಸು ಬರ್ಲಿಲ್ಲ ಅಕ್ಕ, ರೋಗಿಗಳು ಮಲಗಿದ್ರು. ನಿಮ್ಮ ಕೋಟುಗಳದ್ದೂ ಬೇಡ ಅನ್ನಿಸ್ತು. ಮನೇಲಿ ಹಳೇ ಬಟ್ಟೆಯೆಲ್ಲ ಹುಡುಕಿದೆ. ಇಪ್ಪತ್ತೆಂಟು ಸಿಕ್ತು. ಇದೊಂದು ನನ್ನ ಮಗಳ ಫ್ರಾಕಿಂದು, ಅವಳು ಮೂರು ವರ್ಷದವಳಿದ್ದಾಗಿಂದು." ಹೂವಿನ ಆಕಾರದ ಕೆಂಪು ಗುಂಡಿ. ಆ ಮಗಳಿಗೆ ಈಗ ಅಷ್ಟೇ ವಯಸ್ಸಿನ ಮಗಳಿದ್ದಳು.

ನೂರಕ್ಕ ಪಕ್ಕದ ಸ್ಟೂಲು ಎಳೆದು ಅವಳನ್ನು ಕೂರಿಸಿದಳು. ಇಬ್ಬರೂ ಸೇರಿ ಎಲ್ಲ ಗುಂಡಿಗಳನ್ನೂ ಎಣಿಸಿದರು. ಅಂದಿನಿಂದ ಅದು ಪ್ರತಿ ಬೆಳಗಿನ ನೇಮವಾಯಿತು. ಆಯಾ ಜೋರಾಗಿ ಎಣಿಸುವುದು, ನೂರಕ್ಕ ಹೂಂಗುಟ್ಟುವುದು. ಕೊನೆಗೆ "ನೂರು!" ಎಂದು ಆಯಾ ಕೂಗಿದರೆ ಔಷಧಿ ಕೋಣೆಯಿಂದ ಕಾಂಪೌಂಡರು, "ನನಗೂ ಕೇಳಿಸ್ತು!" ಎನ್ನುವುದು.

ಮಾತ್ರೆ ಮುಗಿದ ಮರುದಿನ ಪೇಂಟರ್ ಬಂದ. ಮೂಗಿನ ಮೇಲೆ ಈ ಸಲ ಹಳದಿ ಚುಕ್ಕೆ. ಕಾಂಪೌಂಡರ ಕೋಟನ್ನು ಒಗೆದು, ಇಸ್ತ್ರಿ ಮಾಡಿಸಿ, ಕಾಗದದಲ್ಲಿ ಸುತ್ತಿ ತಂದಿದ್ದ. ಬೆರಳು ಚುಚ್ಚಿಸಿಕೊಂಡು ಹೊರಗಿನ ಬೆಂಚಿನಲ್ಲಿ ಕೂತ. ಗುಂಡಿಗಳ ಕಥೆಯನ್ನು ಕಾಂಪೌಂಡರ ಬಾಯಿಂದ ಆಗಲೇ ಕೇಳಿದ್ದ. ಶೆಡ್ಡಿನ ಐವರಲ್ಲಿ ಒಬ್ಬನಿಗೆ ರೋಗ ಸಿಕ್ಕಿತ್ತು. ಜ್ವರ ಬಲಿಯುವ ಮೊದಲೇ ಮಾತ್ರೆ ಬಿದ್ದಿತ್ತು. ಅವನು ಮೇಸ್ತ್ರಿಯೇ ಎಂದು ಹೇಳುವಾಗ ಪೇಂಟರನಿಗೆ ನಗು ತಡೆಯಲಾಗಲಿಲ್ಲ. "ಗೋಣಿಚೀಲ ನಾನೇ ಕೊಡ್ತೀನಿ ಅಂದೆ ಅಕ್ಕ, ಬೇಡ ಅಂದ್ರು."

ನೂರಕ್ಕ ಪಟ್ಟಿಯನ್ನು ಕೊಳವೆಯ ಕೆಳಗಿಟ್ಟಳು. ಟಿಣ್, ಟಿಣ್. ಬಿಳಿ, ಕಂದು, ಬಿಳಿ, ನೀಲಿ. ಕೆಂಪು ಹೂವನ್ನು ಅವಳು ಯಾವಾಗಲೂ ತಳಕ್ಕೆ ಹಾಕುತ್ತಿದ್ದಳು. ಬೆರಳಿಗೆ ಅದರ ಎಸಳು ತಾಕಿತು. ಅದನ್ನು ಪಿಂಗಾಣಿಗೆ ಹಾಕಿದಳು. ಆಮೇಲೆ, ಯಾರೂ ಹೇಳದೆ, ಗುಂಡಿಗಳನ್ನು ಮತ್ತೆ ಸ್ಟೀಲಿಗೆ ಸುರಿದು ಅದೇ ಪಟ್ಟಿಯಲ್ಲಿ ಇನ್ನೂ ನೂರು ನೋಡಿದಳು.

ಬಾಗಿಲಿಗೆ ಬಂದು ನಿಂತಾಗ ಪೇಂಟರ್ ಎದ್ದು ನಿಂತ. ಆಯಾ ಒರೆಸುವುದನ್ನು ನಿಲ್ಲಿಸಿದಳು.

"ಇಲ್ಲ," ಎಂದಳು ನೂರಕ್ಕ.

"ಗುಂಡಿ ಸರಿಯಾಗಿದ್ವಾ ಅಕ್ಕ?" ಎಂದು ಕೇಳಿದ ಪೇಂಟರ್.

"ನಾನೇ ಎಣಿಸಿದೀನಿ," ಎಂದಳು ಆಯಾ, ಕೋಲನ್ನು ನೆಲಕ್ಕೆ ಕುಟ್ಟಿ. "ಹೋಗಪ್ಪ, ಹೋಗಿ ಟ್ಯಾಂಕು ಹತ್ತು. ಒದ್ದೆ ನೆಲ ತುಳೀಬೇಡ."

ಅವನು ತುದಿಗಾಲಲ್ಲಿ ನಡೆಯುತ್ತ, ಹಾಡು ಗುನುಗುತ್ತ ಹೊರಟುಹೋದ.